ಉಳಿದಿರುವುದು ಹಳೆಯ ಔಷಧ

"ದೊಡ್ಡದೆಲ್ಲ ಹಾಕಿ ಆಯ್ತು ಸರ್. ಈಗ ಉಳಿದಿರೋದು ಹಳೇದು."

ಮೈಸೂರಿನ ಖಾಸಗಿ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತು, ಡ್ಯೂಟಿಯಲ್ಲಿದ್ದ ಯುವ ವೈದ್ಯೆ ನಮ್ಮ ಅಣ್ಣನಿಗೆ ಹೇಳಿದ ಈ ಮಾತು ಈ ವಾರವೆಲ್ಲ ನನ್ನ ತಲೆಯಿಂದ ಇಳಿದಿಲ್ಲ. ಅದಕ್ಕೆ ಮೊದಲು ಅಣ್ಣ ಕೇಳಿದ್ದು ಇಷ್ಟೆ: "ದುಡ್ಡಿನ ಯೋಚನೆ ಮಾಡ್ಬೇಡಿ ಡಾಕ್ಟ್ರೇ, ಇರೋದ್ರಲ್ಲಿ ದೊಡ್ಡ ಆಂಟಿಬಯೋಟಿಕ್ ಯಾವುದೋ ಅದನ್ನೇ ಹಾಕಿ." ಹುಣಸೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುವ, ತಂದೆಗಾಗಿ ಆ ಅಂಗಡಿಯನ್ನೇ ಅಡವಿಡಲು ಸಿದ್ಧನಾಗಿದ್ದ ಮಗ ಬೇರೆ ಏನನ್ನು ಕೇಳಿಯಾನು? ಆದರೆ ಉತ್ತರ ಕೇಳಿದ ಮೇಲೆ ಅವನ ಮುಖದಲ್ಲಿ ಮೂಡಿದ ಗೊಂದಲ ನನ್ನನ್ನು ಬಹಳ ಕಲಕಿತು. ಹಣ ಹೆಚ್ಚು ಕೊಟ್ಟಷ್ಟೂ ಔಷಧದ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆಯಿಂದಲೇ ನಮ್ಮಂಥ ಕುಟುಂಬಗಳು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತವೆ. ಆ ಶಕ್ತಿಗೆ ಒಂದು ಕೊನೆಯಿದೆ, ಆ ಕೊನೆಯನ್ನು ನಾವು ಆಗಲೇ ಮುಟ್ಟಿದ್ದೇವೆ ಎಂದು ಯಾರೂ ನಮಗೆ ಮುಂಚಿತವಾಗಿ ಹೇಳಿರುವುದಿಲ್ಲ.

ಅಣ್ಣನ ತಂದೆ, ಅಂದರೆ ನನ್ನ ದೊಡ್ಡಪ್ಪ, ನಿವೃತ್ತ ಮುಖ್ಯೋಪಾಧ್ಯಾಯರು. ಸಕ್ಕರೆ ಕಾಯಿಲೆಯೊಂದನ್ನು ಬಿಟ್ಟರೆ ಗಟ್ಟಿ ಆಳು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಬಳಿ ಮೂಳೆ ಮುರಿದುಕೊಂಡರು, ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಜ್ವರ, ಉಬ್ಬಸ, ವೆಂಟಿಲೇಟರ್ ಎಲ್ಲವೂ ಆಮೇಲೆ ಬಂದವು. ಗಂಟಲಿನ ನಳಿಕೆಯಿಂದ ತೆಗೆದ ಕಫವನ್ನು ಕಲ್ಚರ್ ಪರೀಕ್ಷೆಗೆ ಕಳಿಸಿದರು. ಅಲ್ಲಿ ಬ್ಯಾಕ್ಟೀರಿಯಾ ಬೆಳೆದು, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ಗೊತ್ತಾಗಲು ಎರಡು ಮೂರು ದಿನ ಹಿಡಿಯುತ್ತದೆ. ಅಷ್ಟರವರೆಗೆ ವೈದ್ಯರು ಅಂದಾಜಿನ ಮೇಲೆಯೇ ನಡೆಯಬೇಕಾದ್ದರಿಂದ ಮೆರೊಪೆನೆಮ್ ಎಂಬ ಬಲವಾದ ಆಂಟಿಬಯೋಟಿಕ್ ಶುರು ಮಾಡಿದ್ದರು. ವರದಿಯಲ್ಲಿ ಬಂದ ಬ್ಯಾಕ್ಟೀರಿಯಾದ ಹೆಸರು ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ. ಔಷಧಗಳ ಪಟ್ಟಿಯ ಎದುರು ಮೇಲಿನಿಂದ ಕೆಳಗಿನವರೆಗೆ 'ಆರ್', ಅಂದರೆ ಬ್ಯಾಕ್ಟೀರಿಯಾ ಅದಕ್ಕೆ ಮಣಿಯುವುದಿಲ್ಲ. ಮೆರೊಪೆನೆಮ್ ಎದುರೂ ಅದೇ ಅಕ್ಷರ. ಕೊಲಿಸ್ಟಿನ್ ಎಂಬ ಕಡೆಯ ಸಾಲಿನಲ್ಲಿ ಮಾತ್ರ 'ಐ', ಅಂದರೆ ನಡುವಿನ ಸ್ಥಿತಿ, ಎಂದಿತ್ತು. ಅಲ್ಲಿಯಾದರೂ 'ಎಸ್', ಅಂದರೆ ಮಣಿಯುತ್ತದೆ ಎಂಬ ಅಕ್ಷರ, ಏಕಿಲ್ಲ ಎಂದು ನಾನು ಕೇಳಿದೆ. ಪರೀಕ್ಷೆಯ ಮಾನದಂಡಗಳನ್ನು ರೂಪಿಸುವ ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆ 2020ರಲ್ಲಿ ಕೊಲಿಸ್ಟಿನ್‌ಗೆ 'ಎಸ್' ಎಂಬ ವರ್ಗವನ್ನೇ ಕೈಬಿಟ್ಟಿದೆಯಂತೆ. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾದ ಬೆಳವಣಿಗೆ ನಿಂತರೂ ರೋಗಿಯ ಶ್ವಾಸಕೋಶಕ್ಕೆ ಈ ಔಷಧ ಸಾಕಷ್ಟು ತಲುಪುತ್ತದೆ ಎಂಬ ಭರವಸೆ ಇಲ್ಲದಿರುವುದೇ ಕಾರಣ ಎಂದು ವೈದ್ಯೆ ವಿವರಿಸಿದರು.

"ಹಳೇದು ಅಂದ್ರೆ?" ಎಂದು ಅಣ್ಣ ಕೇಳಿದ. "ಕಿಡ್ನಿಗೆ ತೊಂದರೆ ಕೊಡುತ್ತೆ ಅಂತ ಬಿಟ್ಟಿದ್ದ ಔಷಧಿ ಸರ್. ಈಗ ಬೇರೆ ದಾರಿ ಇಲ್ಲದೆ ಮತ್ತೆ ತಗೊಂಡಿದ್ದೀವಿ."

ಮನೆಗೆ ಬಂದ ಮೇಲೆ ಅದರ ಚರಿತ್ರೆಯನ್ನು ಓದಿದೆ. ಜಪಾನಿನಲ್ಲಿ ಮಣ್ಣಿನ ಬ್ಯಾಕ್ಟೀರಿಯಾವೊಂದರಿಂದ 1940ರ ದಶಕದ ಕೊನೆಗೆ ದೊರೆತ ಕೊಲಿಸ್ಟಿನ್, ಮೂತ್ರಪಿಂಡಕ್ಕೂ ನರಗಳಿಗೂ ಹಾನಿ ಮಾಡುತ್ತದೆಂದು 1970ರ ದಶಕದ ಹೊತ್ತಿಗೆ ಬಹುಮಟ್ಟಿಗೆ ಮೂಲೆ ಸೇರಿತ್ತು. ಅದಕ್ಕಿಂತ ಸುರಕ್ಷಿತವಾದವು ಬಂದಿದ್ದವು, ಆಮೇಲೆ ಅವುಗಳಿಗಿಂತ ಬಲವಾದ ಕಾರ್ಬಪೆನೆಮ್‌ಗಳು, ಅಂದರೆ ಮೆರೊಪೆನೆಮ್ ಸೇರಿದ ಗುಂಪಿನ ಔಷಧಗಳು, ಬಂದವು. ಕಾರ್ಬಪೆನೆಮ್‌ಗಳೂ ಸೋಲತೊಡಗಿದ ಮೇಲೆ ವೈದ್ಯರು ಹಿಂದಕ್ಕೆ ತಿರುಗಿ ಇದನ್ನೇ ಎತ್ತಿಕೊಂಡರು. ಮನುಷ್ಯರು ಕೊನೆಯ ಆಸರೆಯೆಂದು ಹಿಡಿದುಕೊಂಡ ಈ ಔಷಧವನ್ನು ಅದೇ ವರ್ಷಗಳಲ್ಲಿ ನಮ್ಮ ದೇಶದ ಕೋಳಿ ಫಾರಂಗಳಲ್ಲಿ ಕೋಳಿಗಳು ಬೇಗ ದಪ್ಪವಾಗಲೆಂದು ಆಹಾರದಲ್ಲಿ ಬೆರೆಸಲಾಗುತ್ತಿತ್ತು. ಅದಕ್ಕೆ ಪ್ರತಿರೋಧ ಕೊಡುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸುಲಭವಾಗಿ ದಾಟಬಲ್ಲ ವಂಶವಾಹಿಯೊಂದು ಚೀನಾದಲ್ಲಿ ಕಂಡುಬಂದಿದೆ ಎಂದು 2015ರಲ್ಲಿ ವರದಿಯಾಯಿತು. ಪ್ರಾಣಿಗಳ ಸಾಕಣೆಯಲ್ಲಿ ಕೊಲಿಸ್ಟಿನ್ ಬಳಕೆಯನ್ನು ಭಾರತ ನಿಷೇಧಿಸಿದ್ದು 2019ರ ಜುಲೈನಲ್ಲಿ. ಇದನ್ನು ಓದುವಾಗ ನನಗೆ ಸಿಟ್ಟು ಬಂತು, ಇನ್ನೂ ಇಳಿದಿಲ್ಲ. ನಮ್ಮ ದೊಡ್ಡಪ್ಪನ ರಕ್ತಕ್ಕೆ ಹನಿಹನಿಯಾಗಿ ಇಳಿಯುತ್ತಿರುವ ವಸ್ತುವಿನ ಬೆಲೆಯನ್ನು ಕೋಳಿಯ ತೂಕದಲ್ಲಿ ಲೆಕ್ಕ ಹಾಕಿದವರ ಮೇಲೂ, ಅಷ್ಟು ವರ್ಷ ಅದನ್ನು ನೋಡುತ್ತ ಕುಳಿತವರ ಮೇಲೂ.

ಆದರೆ ಆ ಬಾಗಿಲಿನ ಸಂಭಾಷಣೆ ಅಲ್ಲಿಗೆ ಮುಗಿಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದ ಅಣ್ಣ, "ಇದು ಎಲ್ಲಿಂದ ಬಂತು ಡಾಕ್ಟ್ರೇ?" ಎಂದ. ಆಕೆ ಒಮ್ಮೆ ಒಳಗೆ ನೋಡಿ, ಮತ್ತೆ ಅವನ ಮುಖವನ್ನೇ ನೋಡಿ ಹೇಳಿದರು: "ಇಲ್ಲಿಂದಲೇ ಸರ್. ಬರೋವಾಗ ಅವರಿಗೆ ಈ ಇನ್‌ಫೆಕ್ಷನ್ ಇರಲಿಲ್ಲ."

ಈ ಎರಡು ವಾಕ್ಯಗಳಿಗಾಗಿ ನಾನು ಆಕೆಗೆ ಋಣಿ. ಅವರು ಹಾಗೆ ಹೇಳಬೇಕಾದ ಅಗತ್ಯವಿರಲಿಲ್ಲ. "ವಯಸ್ಸಾಗಿದೆ, ಶುಗರ್ ಇದೆ, ಹೀಗಾಗುತ್ತೆ" ಎಂದಿದ್ದರೆ ನಾವು ನಂಬುತ್ತಿದ್ದೆವು. ರೋಗಿಗಳ ಕಡೆಯವರೊಂದಿಗೆ ಮಾತನಾಡಲೆಂದೇ ಆಸ್ಪತ್ರೆ ನೇಮಿಸಿರುವ ವ್ಯವಸ್ಥಾಪಕರು ಮರುದಿನ ಹೇಳಿದ್ದೂ ಅದನ್ನೇ. ಆತ ವಿನಯವಂತರು, ಕುರ್ಚಿ ಎಳೆದು ಕೂರಿಸಿದರು, ಕಾಫಿ ತರಿಸಿದರು. ಆಮೇಲೆ, ಜನ ನೆಗಡಿ ಕೆಮ್ಮಿಗೆಲ್ಲ ಮೆಡಿಕಲ್ ಶಾಪಿಗೆ ಹೋಗಿ ಆಂಟಿಬಯೋಟಿಕ್ ನುಂಗುವುದರಿಂದ ದೇಶಕ್ಕೆ ಈ ಗತಿ ಬಂದಿದೆ ಎಂದು ನಮಗೆ ತಿಳಿಹೇಳಿದರು. ಅದರಲ್ಲಿ ನಿಜವಿದೆ. ಔಷಧಿ ಅಂಗಡಿಗಳು ದಾಖಲೆ ಇಟ್ಟು ಚೀಟಿ ನೋಡಿಯೇ ಮಾರಬೇಕೆಂಬ ಶೆಡ್ಯೂಲ್ ಎಚ್1 ನಿಯಮ 2014ರ ಮಾರ್ಚ್‌ನಿಂದ ಜಾರಿಯಲ್ಲಿದ್ದರೂ ಅದರ ಪಟ್ಟಿಯಲ್ಲಿರುವ ಸೆಫಿಕ್ಸಿಮ್‌ನಂಥ ಆಂಟಿಬಯೋಟಿಕ್ ಮಾತ್ರೆ ಯಾವ ಊರಿನಲ್ಲಾದರೂ ಬಾಯಿಮಾತಿಗೆ ಸಿಗುತ್ತದೆ. ಆದರೆ ಆತ ಹೇಳಿದ್ದು ಅರ್ಧ ನಿಜ, ಮತ್ತು ಆಸ್ಪತ್ರೆಗೆ ಅನುಕೂಲವಾದ ಅರ್ಧ. ಮೆರೊಪೆನೆಮ್ ಮಾತ್ರೆಯಲ್ಲ, ನರಕ್ಕೆ ಏರಿಸುವ ಔಷಧ. ಅದನ್ನು ಯಾರೂ ಅಂಗಡಿಯ ಕಟ್ಟೆಯ ಮೇಲೆ ನಿಂತು ನೆಗಡಿಗೆಂದು ನುಂಗುವುದಿಲ್ಲ. ಅದಕ್ಕೆ ಹತ್ತಿರದ ಫ್ಯಾರೊಪೆನೆಮ್ ಮಾತ್ರೆ ನಮ್ಮಲ್ಲಿ ಧಾರಾಳವಾಗಿ ಮಾರಾಟವಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಹಾಗಿದ್ದರೂ ಮೆರೊಪೆನೆಮ್‌ಗೆ ಮಣಿಯದ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುವ ಮುಖ್ಯ ಜಾಗ ಮೆರೊಪೆನೆಮ್ ದಿನವೂ ಹರಿಯುವ ಜಾಗವೇ.

ಅಲ್ಲಿ ನಡೆಯುವುದು ಹೀಗೆ. ರೋಗಿಯ ಕರುಳಿನಲ್ಲಿ ಕ್ಲೆಬ್ಸಿಯೆಲ್ಲಾದಂಥ ಕೋಟ್ಯಂತರ ಬ್ಯಾಕ್ಟೀರಿಯಾಗಳು ಇರುತ್ತವೆ. ಔಷಧ ಬಿದ್ದಾಗ ಮಣಿಯುವವು ಸಾಯುತ್ತವೆ, ಮಣಿಯದ ಕೆಲವು ಉಳಿದು ತೆರವಾದ ಜಾಗವನ್ನೆಲ್ಲ ಆಕ್ರಮಿಸುತ್ತವೆ, ಕಳೆ ಕಿತ್ತ ಹೊಲದಲ್ಲಿ ಕಿತ್ತರೂ ಬಾರದ ಕಳೆಯೊಂದೇ ಹಬ್ಬಿದಂತೆ. ಎನ್‌ಡಿಎಂ (ನ್ಯೂ ಡೆಲ್ಲಿ ಮೆಟಲೊ-ಬೀಟಾ-ಲ್ಯಾಕ್ಟಮೇಸ್) ಎಂಬ ಕಿಣ್ವವನ್ನು ತಯಾರಿಸಬಲ್ಲ ಕ್ಲೆಬ್ಸಿಯೆಲ್ಲಾ, ಮೆರೊಪೆನೆಮ್ ಅಣುವಿನ ಮುಖ್ಯ ಉಂಗುರವನ್ನೇ ಕತ್ತರಿಸಿ ಹಾಕುತ್ತದೆ. ಆ ಕಿಣ್ವದ ಸೂಚನೆಯಿರುವ ವಂಶವಾಹಿ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆಯಲ್ಲಿರುವುದರಿಂದ ಅದನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೂ, ಬೇರೆ ಜಾತಿಯದಕ್ಕೂ ಕೂಡ, ದಾಟಿಸಲು ಸಾಧ್ಯ. ನವದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ ರೋಗಿಯೊಬ್ಬರಲ್ಲಿ ಇದು 2008ರಲ್ಲಿ ಪತ್ತೆಯಾಯಿತು. 2010ರಲ್ಲಿ ಇದು ಎಷ್ಟು ಹರಡಿದೆ ಎಂಬ ಅಧ್ಯಯನ ಹೊರಬಂದಾಗ ನಮ್ಮಲ್ಲಿ ಎದ್ದ ಗದ್ದಲದ ಬಹುಪಾಲು, ಕಿಣ್ವಕ್ಕೆ ನಮ್ಮ ರಾಜಧಾನಿಯ ಹೆಸರಿಟ್ಟರು ಎಂಬ ಬಗ್ಗೆ ಇತ್ತು. ಮರುವರ್ಷ ದೆಹಲಿಯ ನಲ್ಲಿ ನೀರಿನಲ್ಲೂ ಬೀದಿಯಲ್ಲಿ ನಿಂತ ನೀರಿನಲ್ಲೂ ಆ ವಂಶವಾಹಿ ಸಿಕ್ಕಿತು. ಹೆಸರು ಕೆಡುವುದಕ್ಕೆ ನಾವು ಹೆದರಿದಷ್ಟು ರೋಗಕ್ಕೆ ಹೆದರಲಿಲ್ಲ ಎಂದು ನನಗೆ ಅನ್ನಿಸುವುದು ಇದರಿಂದಲೇ, ಮತ್ತು ವ್ಯವಸ್ಥಾಪಕರ ಕೋಣೆಯಲ್ಲಿ ಕಂಡದ್ದೂ ಅದೇ ಹೆದರಿಕೆ.

ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಇದು ಹೋಗುವುದು ಹೆಚ್ಚಾಗಿ ಕೈಗಳ ಮೂಲಕ. ದೊಡ್ಡಪ್ಪನ ಹಾಸಿಗೆಯ ಬಳಿ ನಿಂತಾಗಲೆಲ್ಲ ನಾನು ಕೈಗಳನ್ನೇ ನೋಡುತ್ತಿದ್ದೆ. ರಾತ್ರಿ ಪಾಳಿಯ ನರ್ಸ್ ಹಾಸನದ ಕಡೆಯ ಹುಡುಗಿ. ಪ್ರತಿ ಬಾರಿ ನಳಿಕೆ ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಹಾಸಿಗೆಯ ಕಾಲಬುಡದ ಬಾಟಲಿಯಿಂದ ಕೈಗೆ ಸ್ಯಾನಿಟೈಸರ್ ಹಚ್ಚಿಕೊಳ್ಳುತ್ತಿದ್ದಳು. ವೆಂಟಿಲೇಟರ್‌ನಲ್ಲಿರುವ ರೋಗಿಗೆ ಒಬ್ಬ ನರ್ಸ್ ಇರಬೇಕೆಂಬುದು ಒಪ್ಪಿತ ಪದ್ಧತಿ; ಆದರೆ ಅವಳ ಪಾಲಿಗೆ ಅಂಥ ಹಾಸಿಗೆಗಳು ಒಂದಕ್ಕಿಂತ ಹೆಚ್ಚಿದ್ದವು, ಎರಡು ಯಂತ್ರಗಳು ಒಟ್ಟಿಗೆ ಕೂಗಿಕೊಂಡಾಗ ಅವಳು ಓಡಬೇಕಿತ್ತು. ಹಾಗೆ ಓಡುವವರ ಕೈಯನ್ನು ದೂರುವ ಹಕ್ಕು ನಮಗಿಲ್ಲ. ಹೆಸರಾಂತ ಹಿರಿಯ ತಜ್ಞರು ಮಾತ್ರ ರೌಂಡ್ಸ್‌ಗೆ ಬಂದು ಹಿಂದಿನ ಹಾಸಿಗೆಯವರ ಹೊಟ್ಟೆ ಮುಟ್ಟಿದ ಕೈಯಲ್ಲೇ ದೊಡ್ಡಪ್ಪನ ಎದೆ ಮುಟ್ಟಿದರು. ನರ್ಸ್ ಬಾಟಲಿಯನ್ನು ಸ್ವಲ್ಪ ಮುಂದಕ್ಕೆ ಸರಿಸಿದಳು, ಅವರು ಗಮನಿಸಲಿಲ್ಲ. ಹಿರಿಯರಿಗೆ "ಸರ್, ಕೈ" ಎನ್ನುವ ಅಧಿಕಾರವನ್ನು ಆ ಹುಡುಗಿಗೆ ಕೊಡದ ಆಸ್ಪತ್ರೆ, ಸಾವಿರಾರು ರೂಪಾಯಿಯ ಇಂಜೆಕ್ಷನ್‌ಗಳನ್ನು ಎಷ್ಟು ಕೊಟ್ಟರೂ ಚಿಕಿತ್ಸೆಯ ಒಂದು ಭಾಗವನ್ನು ಬಿಟ್ಟೇ ಕೊಡುತ್ತಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದು ಬದಲಾಗದ ಸಂಗತಿಯೇನಲ್ಲ. ಇಂಗ್ಲೆಂಡಿನಲ್ಲಿ ಎಂಆರ್‌ಎಸ್‌ಎ ಎಂಬ ಇನ್ನೊಂದು ಹಟಮಾರಿ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದ ಪ್ರಕರಣಗಳನ್ನು ಪ್ರತಿ ಆಸ್ಪತ್ರೆಯೂ ವರದಿ ಮಾಡಲೇಬೇಕೆಂದು 2001ರಲ್ಲಿ ನಿಯಮ ಬಂತು. 2003-04ರಲ್ಲಿ ಆ ಸಂಖ್ಯೆ 7,700ರಷ್ಟಿತ್ತು. 2008ರೊಳಗೆ ಅದನ್ನು ಅರ್ಧಕ್ಕಿಳಿಸಬೇಕೆಂದು 2004ರಲ್ಲಿ ಸರ್ಕಾರ ಗುರಿ ಇಟ್ಟಿತು, ಗುರಿ ಮುಟ್ಟಿತು. ಯಾವ ಹೊಸ ಔಷಧವೂ ಅದನ್ನು ಒಂಟಿಯಾಗಿ ಸಾಧಿಸಲಿಲ್ಲ. ಕೈ ತೊಳೆಯುವ ಅಭಿಯಾನ, ನಳಿಕೆಗಳ ಎಚ್ಚರಿಕೆಯ ನಿರ್ವಹಣೆ, ರೋಗಿಗಳ ತಪಾಸಣೆ, ಇವೆಲ್ಲಕ್ಕೂ ಹಿಂದೆ ಯಾವ ಆಸ್ಪತ್ರೆಯಲ್ಲಿ ಎಷ್ಟು ಎಂಬುದು ಎಲ್ಲರಿಗೂ ಕಾಣುವಂತಿದ್ದ ಲೆಕ್ಕ. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2013ರಿಂದ ಪ್ರತಿರೋಧದ ಕಣ್ಗಾವಲು ಜಾಲ ನಡೆಸುತ್ತಿದೆ. ಅದರ ಇತ್ತೀಚಿನ ವಾರ್ಷಿಕ ವರದಿಗಳಲ್ಲಿ ಕ್ಲೆಬ್ಸಿಯೆಲ್ಲಾ ಮಾದರಿಗಳ ಅರ್ಧಕ್ಕೂ ಹೆಚ್ಚು, ಅಸಿನೆಟೊಬ್ಯಾಕ್ಟರ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಮಾದರಿಗಳ ಹತ್ತರಲ್ಲಿ ಎಂಟಕ್ಕೂ ಹೆಚ್ಚು, ಕಾರ್ಬಪೆನೆಮ್‌ಗೆ ಮಣಿಯುತ್ತಿಲ್ಲ. ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಮಂಡಳಿಯ ಮಾನ್ಯತೆ ಬೇಕಾದ ಆಸ್ಪತ್ರೆಗಳು ಸೋಂಕು ನಿಯಂತ್ರಣ ಸಮಿತಿ ಇಟ್ಟುಕೊಂಡು ಸೋಂಕಿನ ಪ್ರಮಾಣವನ್ನು ಲೆಕ್ಕವಿಡಲೇಬೇಕು. ಅಂದರೆ ಲೆಕ್ಕ ಇದೆ. ಮೂಳೆ ಮುರಿದ ತಂದೆಯನ್ನು ಕಾರಿನಲ್ಲಿ ಮಲಗಿಸಿಕೊಂಡು ಯಾವ ಆಸ್ಪತ್ರೆಗೆ ತಿರುಗಲಿ ಎಂದು ಯೋಚಿಸುವ ಮಗನಿಗೆ ಅದು ಕಾಣುವುದಿಲ್ಲ, ಅಷ್ಟೆ. ಅವನಿಗೆ ಕಾಣುವುದು ಹೆದ್ದಾರಿಯ ಬದಿಯ ಫಲಕದಲ್ಲಿ ಎಷ್ಟು ಹಾಸಿಗೆ, ಎಷ್ಟು ಯಂತ್ರ ಎಂಬ ಸಂಖ್ಯೆಗಳು ಮಾತ್ರ. ಅದರ ಪಕ್ಕದಲ್ಲಿ ಕಳೆದ ವರ್ಷದ ಸೋಂಕಿನ ಪ್ರಮಾಣವೂ ಇರಬೇಕು ಎಂದು ನಾನು ಕೇಳುತ್ತೇನೆ, ಮತ್ತು ಸರ್ಕಾರದ ವಿಮಾ ಯೋಜನೆಗಳಿಂದ ಹಣ ಪಡೆಯುವ ಆಸ್ಪತ್ರೆಗಳಿಗಂತೂ ಇದನ್ನು ಕಡ್ಡಾಯ ಮಾಡಲು ಯಾವ ಅಡ್ಡಿಯೂ ನನಗೆ ತೋರುತ್ತಿಲ್ಲ.

ದೊಡ್ಡಪ್ಪ ಈಗ ಚೇತರಿಸಿಕೊಳ್ಳುತ್ತಿದ್ದಾರೆ. ಕೊಲಿಸ್ಟಿನ್‌ನಿಂದ ರಕ್ತದಲ್ಲಿ ಕ್ರಿಯಾಟಿನಿನ್ ಏರತೊಡಗಿ ಕಿಡ್ನಿಗೆ ಪೆಟ್ಟಾಗುತ್ತಿರುವ ಸುಳಿವು ಸಿಕ್ಕಾಗ, ಎರಡು ಔಷಧಗಳನ್ನು ಜೊತೆಗೂಡಿಸಿ ನಡೆಸಿದ ಇನ್ನೊಂದು ಪರೀಕ್ಷೆಯ ಫಲಿತಾಂಶ ಅದೃಷ್ಟವಶಾತ್ ಬಂತು: ಸೆಫ್ಟಜಿಡಿಮ್-ಅವಿಬ್ಯಾಕ್ಟಾಮ್ ಜೊತೆಗೆ ಅಜ್ಟ್ರಿಯೊನಾಮ್ ಕೊಟ್ಟರೆ ಈ ಕ್ಲೆಬ್ಸಿಯೆಲ್ಲಾ ಮಣಿಯುತ್ತದೆ. ಔಷಧ ಬದಲಾಯಿತು, ಜ್ವರ ಇಳಿಯಿತು, ವೆಂಟಿಲೇಟರ್ ಬಿಡಿಸಿದರು. ಅಣ್ಣ ಆ ವೈದ್ಯೆಗೆ ಕೈಮುಗಿದ. ಆಕೆ ಸಂತೋಷಪಟ್ಟರು, ಆದರೆ ಈ ಜೋಡಿಗೂ ಅಷ್ಟಾಗಿ ಬಗ್ಗದ ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾ ಭಾರತದಲ್ಲಿ ಆಗಲೇ ಕಂಡುಬಂದಿದೆ ಎಂಬುದನ್ನೂ ಮುಚ್ಚಿಡಲಿಲ್ಲ.

ಆಮೇಲೆ ಆಕೆ ಇನ್ನೊಂದು ಮಾತು ಹೇಳಿದರು. ಜ್ವರ ಹೋದರೂ ದೊಡ್ಡಪ್ಪನ ಕರುಳಿನಲ್ಲಿ ಆ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಉಳಿದಿರಬಹುದು. ಮನೆಯಲ್ಲಿ ಮೊಮ್ಮಕ್ಕಳನ್ನು ಎತ್ತಿಕೊಳ್ಳಲಿ, ಜೊತೆಗೆ ಕೂತು ಉಣ್ಣಲಿ, ಶೌಚದ ನಂತರ ಸೋಪು ಹಾಕಿ ಕೈ ತೊಳೆದರೆ ಸಾಕು. ಆದರೆ ಮುಂದೆ ಯಾವುದೇ ಆಸ್ಪತ್ರೆಗೆ ಸೇರಿದರೂ ಈ ಕಲ್ಚರ್ ವರದಿಯನ್ನು ಮೊದಲೇ ತೋರಿಸಬೇಕು. ಅಣ್ಣ ಹಿಂಜರಿದ. "ತೋರಿಸಿದ್ರೆ ಬೆಡ್ ಇಲ್ಲ ಅಂತಾರೇನೋ ಮೇಡಂ." ಅವನ ಭಯ ಸುಳ್ಳಲ್ಲ, ಹಾಗೆ ಹೇಳುವ ಆಸ್ಪತ್ರೆಗಳು ಇದ್ದೇ ಇರುತ್ತವೆ. ತೋರಿಸಿದರೆ ಅವರಿಗೆ ಬೇರೆ ಕೋಣೆ ಕೊಡುತ್ತಾರೆ, ಮುಟ್ಟುವವರು ಗೌನು, ಗ್ಲೌಸ್ ಹಾಕಿಕೊಳ್ಳುತ್ತಾರೆ, ಔಷಧವನ್ನು ಅಂದಾಜಿನ ಮೇಲೆ ಶುರು ಮಾಡುವುದು ತಪ್ಪುತ್ತದೆ ಎಂದು ವೈದ್ಯೆ ಹೇಳಿದರು. ಅಲ್ಲಿಯವರೆಗೆ ಸುಮ್ಮನಿದ್ದ ದೊಡ್ಡಮ್ಮ, "ಪಕ್ಕದ ಹಾಸಿಗೇಲಿ ಬಾಣಂತಿ ಇರ್ತಾಳೋ ಏನೋ, ತೋರಿಸೋಣ ಬಿಡಪ್ಪ" ಎಂದರು. ಅಣ್ಣ ವರದಿಯ ಮೂರು ಜೆರಾಕ್ಸ್ ಮಾಡಿಸಿ, ಒಂದನ್ನು ಹುಣಸೂರಿನ ನಮ್ಮ ಮನೆ ಡಾಕ್ಟರಿಗೆ ಕೊಟ್ಟು ಬಂದಿದ್ದಾನೆ.