ಹೊಸದರ ಹಾಗಿರೋ ಹಳೇ ಕಂಪ್ಯೂಟರ್

14 ಜುಲೈ 2024, ಭಾನುವಾರ

ಮಳೆ ಬಿಟ್ಟಿಲ್ಲ. ಈ ತೇವದಲ್ಲಿ ನನಗೆ ಬಿಬಿಸಿ ಮೈಕ್ರೋ, ಅಂದರೆ ಎಂಬತ್ತರ ದಶಕದ ಬ್ರಿಟಿಷ್ ಕಂಪ್ಯೂಟರಿನ ಪವರ್ ಸಪ್ಲೈ ಚಿಂತೆ. ಅದರೊಳಗಿನ ಹಳೇ ಪೇಪರ್ ಕೆಪ್ಯಾಸಿಟರ್‌ಗಳ ಮೈ ಬಿರುಕು ಬಿಟ್ಟು ತೇವ ಹೀರಿಕೊಂಡಿರುತ್ತೆ. ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ಢಬ್ ಅಂತ ಸಿಡಿದು ಮನೆಯೆಲ್ಲ ನಾತ, ಹೊಗೆ. ಅದಕ್ಕೇ ತಂದಾಗಿನಿಂದ ಪ್ಲಗ್ಗಿಗೆ ಹಾಕಿರಲಿಲ್ಲ. ನಿನ್ನೆ ಎಸ್‌ಪಿ ರೋಡಿನಿಂದ ಹೊಸವನ್ನು ತಂದು, ಇವತ್ತು ಸಾಲ್ಡರ್ ಮಾಡಿ ಮುಗಿಸಿದೆ.

ಮೊದಲು ದಪ್ಪ ದನಿಯ ಒಂದು ಬೀಪ್, ಹಿಂದೆಯೇ ಸಣ್ಣದೊಂದು. ಟಿವಿ ಮೇಲೆ 'ಬಿಬಿಸಿ ಕಂಪ್ಯೂಟರ್ 32ಕೆ' ಅಂತ ಮೂಡಿತು. ಕುಣಿದುಬಿಟ್ಟೆ! ಇವಳು ಅಡುಗೆಮನೆಯಿಂದ ಇಣುಕಿ ನೋಡಿ ಒಳಗೆ ಹೋದಳು.

ಗಲಾಟೆಗೆ ಮೇಲಿನ ಮನೆ ಮೇಷ್ಟ್ರು ಇಳಿದು ಬಂದರು. ಅವರು ಗಣಿತ ಹೇಳುತ್ತಿದ್ದದ್ದು ಗೊತ್ತಿತ್ತು. ಆದರೆ ಈ ಪೆಟ್ಟಿಗೆ ನೋಡಿದ ಕೂಡಲೇ "ಓಹೋ, ಇದಾ!" ಅಂತಾರೆ ಅಂದುಕೊಂಡಿರಲಿಲ್ಲ. 1984ರಲ್ಲಿ ಕೇಂದ್ರ ಸರ್ಕಾರ ಮಕ್ಕಳಿಗೆ ಕಂಪ್ಯೂಟರ್ ಕಲಿಸೋ 'ಕ್ಲಾಸ್' ಯೋಜನೆ ಶುರು ಮಾಡಿ ಶಾಲೆಗಳಿಗೆ ಕೊಟ್ಟದ್ದು ಬಿಬಿಸಿ ಮೈಕ್ರೋಗಳನ್ನೇ ಅಲ್ವಾ. ಅವರ ಶಾಲೆಗೂ ಬಂದಿತ್ತಂತೆ.

ನನಗೋ ಜಂಬ. "ಸಾರ್, ಬೇರೆ ಕಡೆ ಸಿಗೋದರ ಕೀಗಳೆಲ್ಲ ಬೆರಳು ತಾಗಿ ತಾಗಿ ನುಣ್ಣಗೆ ಹೊಳೀತಿರುತ್ತವೆ. ಇದು ನೋಡಿ, ಇನ್ನೂ ತರಿತರಿ. ಇಂಥದ್ದು ಸಿಗೋದೇ ಇಲ್ಲ."

ಮೇಷ್ಟ್ರು ಮೇಲಿನ ಸಾಲಿನ ಕೆಂಪು ಕೀಗಳ ಮೇಲೆ ಬೆರಳಾಡಿಸಿದರು.

"ನುಣ್ಣಗಾಗಬೇಕಿತ್ತು ಕಣಪ್ಪಾ. ನಮ್ಮಲ್ಲಿದ್ದದ್ದೂ ಹೀಗೇ ಇತ್ತು. ರೂಮಿಗೆ ಬೀಗ, ಬೀಗದ ಕೈ ಹೆಡ್‌ಮಾಸ್ಟರ ಹತ್ತಿರ. ಚಪ್ಪಲಿ ಹೊರಗೆ ಬಿಡಬೇಕು. ಒಬ್ಬ ಹುಡುಗ ಒಂದು ಕೀ ಒತ್ತಿದರೆ ಮುಗೀತು, ಮುಂದಿನವನು ಬಾ. ಕೆಟ್ಟರೆ ಯಾರು ಉತ್ತರ ಕೊಡೋದು ಅಂತ ನಮಗೇ ಭಯ. ಎಷ್ಟು ಜನರ ಕೈ ಹಿಡಿದು ಸರಿಸಿದ್ದೀನೋ!"

ಆಮೇಲೆ ಎರಡೇ ಬೆರಳಲ್ಲಿ ಕುಟ್ಟಿ ಬೇಸಿಕ್ ಅನ್ನೋ ಪ್ರೋಗ್ರಾಮ್ ಭಾಷೆಯಲ್ಲಿ ಹದಿನೇಳರ ಮಗ್ಗಿ ಬರೆಸಿದರು. ಒಂದು ಕಾಮಾನೂ ಮರೆತಿರಲಿಲ್ಲ. ಕಾಫಿ ಬೇಡ ಅಂತ ಹೊರಟೇಬಿಟ್ಟರು.

ಮುಂದಿನ ಶನಿವಾರ ಅಕ್ಕನ ಮಕ್ಕಳು ಬರುತ್ತಾರೆ. ಇಬ್ಬರೂ ಕೈ ಕಟ್ಟಿ ಕೂರೋರಲ್ಲ. ಕೊಡೋದಾ? ಕೊಡಬೇಕು ಅನ್ನಿಸುತ್ತೆ. ಆದರೆ ಒಂದು ಕೀ ಕಿತ್ತು ಬಂದರೆ ಅದಕ್ಕೆ ಜೋಡಿ ಈ ಊರಲ್ಲಿ ಎಲ್ಲಿ ಹುಡುಕಲಿ? ಪುಟ್ಟದಕ್ಕೆ ಬೇಕಾದರೆ ನಾನೇ ಪಕ್ಕದಲ್ಲಿ ಕೂತು... ಛೆ, ಅದೂ ಹೆಡ್‌ಮಾಸ್ಟರ ಕೆಲಸವೇ.

ಅಯ್ಯೋ, ಅಟ್ಟದ ಮೇಲಿನ ಇನ್ನೊಂದು ಹಳೇ ಕಂಪ್ಯೂಟರ್, 486! ಬೋರ್ಡಿನ ಮೇಲಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಸೋರಿದರೆ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತೆ. ಅದನ್ನ ಕತ್ತರಿಸಿ ತೆಗೆದಿದ್ದೆನಾ, ಇಲ್ವಾ? ಇವಳು ಮಲಗಿದ್ದಾಳೆ. ಈ ಹೊತ್ತಲ್ಲಿ ಏಣಿ ಎಳೆದರೆ