ಇಳಿದಿದ್ದು ಸಮುತ್ ಪ್ರಾಕಾನ್‌ನಲ್ಲಿ

ಥಾಯ್ಲೆಂಡಿನ ಕ್ರಾಬಿಯಿಂದ ವಾಪಸ್ ಬರುವಾಗ ಒಂದು ದಿನ ಬ್ಯಾಂಕಾಕ್ ನೋಡೋಣ ಅಂದುಕೊಂಡಿದ್ದೆವು. ಹೋಟೆಲ್ ಬುಕ್ ಮಾಡಿದವನು ನಾನೇ. ವಿಮಾನ ನಿಲ್ದಾಣ ಹತ್ತಿರ, ಬಾಡಿಗೆಯೂ ಕಡಿಮೆ. ಬೆಳಗ್ಗೆ ರಸೀದಿ ನೋಡಿದ ನನ್ನವಳು, "ಇದರಲ್ಲಿ ಬ್ಯಾಂಕಾಕ್ ಅಂತಲೇ ಇಲ್ವಲ್ಲ ರೀ" ಅಂದಳು. ಬಾಂಗ್ ಫ್ಲಿ, ಸಮುತ್ ಪ್ರಾಕಾನ್ ಅಂತಿತ್ತು. ಸುವರ್ಣಭೂಮಿ ವಿಮಾನ ನಿಲ್ದಾಣ ಇರುವುದೇ ಪಕ್ಕದ ಪ್ರಾಂತ್ಯದಲ್ಲಂತೆ. ಬೆಂಗಳೂರಿಗೆ ಬಂದೆವು ಅಂತ ದೇವನಹಳ್ಳಿಯಲ್ಲಿ ಇಳಿಯುತ್ತೇವಲ್ಲ, ಹಾಗೆ.

ಪ್ರಾಂತ್ಯದ ಹೆಸರು ಬಾಯಲ್ಲಿ ಎರಡು ಸಲ ಆಡಿಸಿದ ಮೇಲೆ ಹೊಳೆಯಿತು: ಸಮುದ್ರ ಪ್ರಾಕಾರ! ಥಾಯ್ ಲಿಪಿಯಲ್ಲಿ ಕೊನೆಗೆ 'ರ' ಬರೆದು 'ನ್' ಅಂತ ಓದುತ್ತಾರೆ. ಸಮುದ್ರದ ಕಡೆಗಿನ ಕೋಟೆಗೋಡೆ. ಬ್ಯಾಂಕಾಕ್ ಬಿಟ್ಟು ಇದನ್ನೇ ನೋಡೋಣ ಅಂದೆ. ಅವಳ ಮುಖ ಸ್ವಲ್ಪ ದಪ್ಪಗಾಯಿತು.

ಟ್ಯಾಕ್ಸಿ ಹಿಡಿದು ಪಾಕ್ ನಾಮ್‌ಗೆ ಹೋದೆವು. ಪಾಕ್ ಅಂದರೆ ಬಾಯಿ, ನಾಮ್ ಅಂದರೆ ನೀರು. ಚಾವ್ ಫ್ರಾಯಾ ನದಿ ಕಡಲು ಸೇರುವ ಜಾಗ. ನಮ್ಮ ಕರಾವಳಿಯವರಾದರೆ ಅಳಿವೆಬಾಗಿಲು ಅನ್ನುತ್ತಿದ್ದರು. ಒಣಮೀನಿನ ವಾಸನೆಯ ಮಾರ್ಕೆಟ್ ದಾಟಿ ದೋಣಿ ಹತ್ತಿದೆವು. ಆಚೆ ದಡದಲ್ಲಿ ಬೆಳ್ಳಗಿನ ಚೇದಿ, ಅಂದರೆ ಬೌದ್ಧ ಸ್ತೂಪ, ಇದೆ. ಮೊದಲು ಅದು ನದಿಯ ನಡುವಿನ ದ್ವೀಪದಲ್ಲಿತ್ತಂತೆ. ಹೂಳು ತುಂಬಿ ತುಂಬಿ ಈಗ ದಡಕ್ಕೇ ಅಂಟಿಕೊಂಡಿದೆ.

ಅಲ್ಲಿಂದ ಕೆಳಗೆ ಚುಲಾಚೋಮ್‌ಕ್ಲಾವ್ ಕೋಟೆ. ನನಗೆ ಜಾಸ್ತಿ ಹಿಡಿಸಿದ್ದು ಇದೇ. ನೆಲದಲ್ಲಿ ದೊಡ್ಡ ಗುಂಡಿಗಳು, ಒಳಗೆ ಇಂಗ್ಲೆಂಡಿನಿಂದ ತರಿಸಿದ ಆರ್ಮ್‌ಸ್ಟ್ರಾಂಗ್ ಫಿರಂಗಿಗಳು. ಮೇಲೆದ್ದು ಗುಂಡು ಹಾರಿಸಿ ಮತ್ತೆ ಗುಂಡಿಗೆ ಇಳಿದುಬಿಡುವ ಏರ್ಪಾಡು. 1893ರ ಜುಲೈ 13ರ ಸಂಜೆ ಫ್ರೆಂಚರ ಎರಡು ಯುದ್ಧನೌಕೆಗಳು ಬಂದಾಗ ಇವು ಗುಡುಗಿದವು. ಆದರೂ ನೌಕೆಗಳು ಹಾದು ಹೋಗಿ ಬ್ಯಾಂಕಾಕ್ ಮುಟ್ಟಿದವು. ಮೆಕಾಂಗ್ ನದಿಯ ಪೂರ್ವಕ್ಕಿದ್ದ ನೆಲವನ್ನು, ಇವತ್ತಿನ ಲಾವೋಸ್‌ನ ಬಹುಪಾಲನ್ನು, ಸಯಾಮ್ (ಥಾಯ್ಲೆಂಡಿನ ಆಗಿನ ಹೆಸರು) ಬಿಟ್ಟುಕೊಡಬೇಕಾಯಿತು. ಗುಂಡಿಯ ಅಂಚಿನಲ್ಲಿ ನಿಂತು ಇದನ್ನೆಲ್ಲ ಹೇಳುತ್ತಿದ್ದೆ. "ಗೋಡೆ ಅಂತ ಹೆಸರಿಟ್ಟುಕೊಂಡರೆ ಸಾಕಾ?" ಅಂದಳು. ಬೆಳಗಿನ ಸಿಟ್ಟು ಇನ್ನೂ ಇಳಿದಿರಲಿಲ್ಲ ಅನ್ನಿಸುತ್ತೆ.

ಸಂಜೆ ಪಾಕ್ ನಾಮ್‌ನಿಂದ ಸ್ಕೈಟ್ರೇನ್ ಹತ್ತಿ ಎರಡನೇ ಸ್ಟೇಷನ್‌ನಲ್ಲಿ ಇಳಿದೆವು. ಹೆಸರು ಚಾಂಗ್ ಎರಾವನ್. ಚಾಂಗ್ ಅಂದರೆ ಆನೆ. ಎರಾವನ್ ನಮ್ಮ ಐರಾವತವೇ. ನಮಗೋ ಐರಾವತ ಅಂದರೆ ಮೊದಲು ನೆನಪಾಗುವುದು ಕೆಎಸ್‌ಆರ್‌ಟಿಸಿ ವೋಲ್ವೊ. ಇಲ್ಲಿರುವುದು ಮೂರು ತಲೆಯ, 29 ಮೀಟರ್ ಎತ್ತರದ ಆನೆ. ಅದರ ಹೊಟ್ಟೆಯೊಳಗೆ ಸ್ವರ್ಗ ಮಾಡಿಟ್ಟಿದ್ದಾರೆ, ಬುದ್ಧನ ಮೂರ್ತಿಗಳಿವೆ. ಅಲ್ಲಿಗೆ ಬಂದ ಮೇಲೆ ಅವಳು ನಕ್ಕಳು, ಫೋಟೋ ಕೂಡ ತೆಗೆಸಿಕೊಂಡಳು.

ರಾತ್ರಿ ಮಗ ಫೋನ್ ಮಾಡಿ, "ಬ್ಯಾಂಕಾಕ್ ಹೇಗಿತ್ತು?" ಅಂತ ಕೇಳಿದ.

"ನಿಮ್ಮಪ್ಪನ್ನ ಕೇಳು" ಅಂತ ಫೋನ್ ನನ್ನ ಕೈಗಿತ್ತಳು.