100 ಮೀಟರ್ ಮ್ಯಾಲ 4 ಸೆಕೆಂಡ್

ಏರ್ ಫೋರ್ಸ್ ಬಿಟ್ಟು ವಿಜಯಪುರಕ್ಕ ಬಂದ ಮ್ಯಾಲ ಎನ್‌ಡಿಎಗೆ (ಮಿಲಿಟರಿ ಆಫೀಸರ್ ಆಗೋರು ಕಲಿಯೂ ಅಕಾಡೆಮಿಗೆ) ತಯಾರಿ ಮಾಡೂ ಹುಡುಗ್ರು ಮನೀಗೆ ಬರ್ತಿರ್ತಾರ, ಎಲ್ಲಾರೂ ಕೇಳೂದು ಒಂದ, ಸರ್ ಲೋ ಲೆವೆಲ್ ಫ್ಲೈಯಿಂಗ್‌ನಾಗ ಅಂಜಿಕಿ ಆಗ್ತಿತ್ತೇನ್ರಿ ಅಂತ. ಆಗ್ತಿತ್ತು. ಆದ್ರ ಅದಕ್ಕಿಂತ ಹೆಚ್ಚು ಕಾಡಿದ್ದು ದಾರಿ ಹುಡುಕೂದು.

ನಂದು ಟ್ರೇನಿಂಗ್ ಬೀದರ್‌ದಾಗ, ಕಿರಣ್ ವಿಮಾನದ ಮ್ಯಾಲ. ಬೆಂಗಳೂರಿನ ಎಚ್‌ಎಎಲ್ ಮಾಡಿದ್ದು, ಇನ್‌ಸ್ಟ್ರಕ್ಟರ್ ಬಾಜೂಕ ಕುಂತಿರ್ತಾರ. ಜಿಪಿಎಸ್ ಇಲ್ಲ, ತೊಡಿ ಮ್ಯಾಲ ಮಡಚಿದ ಮ್ಯಾಪ್, ಅದರಾಗ ಪೆನ್ಸಿಲ್‌ಲೆ ಎಳದ ಗೆರಿ, ಗೆರಿ ಮ್ಯಾಲ ನಿಮಿಷಕ್ಕೊಂದು ಗುರ್ತು, ಮತ್ತೊಂದು ಸ್ಟಾಪ್‌ವಾಚ್. ನಮ್ಮ ವೇಗ 240 ನಾಟ್, ಅಂದ್ರ ನಿಮಿಷಕ್ಕ ಸುಮಾರು ಏಳೂವರಿ ಕಿಲೋಮೀಟರ್. ಮೊದ್ಲ ಗಡಿಯಾರ ನೋಡ್ಬೇಕು, ಆಮ್ಯಾಲ ಮ್ಯಾಪ್, ಆಮ್ಯಾಲ ನೆಲ, ಈ ಸಾಲು ತಪ್ಪಿಸಿ ಮೊದ್ಲ ನೆಲ ನೋಡಿದ್ರ ಕಂಡ ಊರೆಲ್ಲಾ ನಮ್ಮ ಊರ ಅನಸ್ತೈತಿ.

ಎತ್ತರದಾಗ ರೈಲ್ವೆ ಲೈನ್, ಹಳ್ಳ ಎಲ್ಲಾ ಮ್ಯಾಪಿನಾಗ ಇದ್ದಂಗ ಕಾಣ್ತಾವ, 100 ಮೀಟರ್‌ನಾಗ ಅದರ ನೆತ್ತಿ ಮ್ಯಾಲ ಬರೂತನಕ ಗೊತ್ತ ಆಗೂದಿಲ್ಲ. ಎದ್ದು ನಿಂತಿದ್ದಷ್ಟ ಕಣ್ಣಿಗೆ ಬೀಳ್ತೈತಿ, ಗುಡ್ಡ, ನೀರಿನ ಟಾಕಿ, ಚಿಮಣಿ. ನಮಗ ಇದು ಹೊಸಾದಲ್ರಿ, ಬಸ್ಸಿನಾಗ ಊರಿಗೆ ಬರೂವಾಗ ಮನಿ ಮಠ ಕಾಣೂಕಿಂತ ಮೊದ್ಲ ಗೋಲಗುಮ್ಮಟ ಕಾಣ್ತೈತಲ್ಲ, ಅದ ಲೆಕ್ಕ.

ಒಂದಿನ ನಾ ಒಂದು ಹಳ್ಳ ಹುಡುಕ್ಕೋತ ತಲಿ ಬಗ್ಗಿಸಿ ಮ್ಯಾಪ್ ನೋಡ್ಲಿಕ್ಕತ್ತಿದ್ದೆ. ಬೆವರಿನ ಹನಿ ಬಿದ್ದು ನಿಮಿಷದ ಗುರ್ತೊಂದು ಕಲಸಿಹೋಗಿತ್ತು, ಅದನ್ನ ಹೆಬ್ಬೆರಳಲೆ ಒರಸಾಕ ಹೋದೆ. ಕೈಯಾಗಿನ ಸ್ಟಿಕ್, ವಿಮಾನ ನಡಸೂ ಹಿಡಿಕಿ, ಸರಕ್ಕನ ಹಿಂದ ಬಂತು, ಇನ್‌ಸ್ಟ್ರಕ್ಟರ್ ಸರ್ ಐ ಹ್ಯಾವ್ ಕಂಟ್ರೋಲ್ ಅಂದಿದ್ದಷ್ಟ ಕೇಳಿಸ್ತು, ತಲಿ ಎತ್ತಿದ್ರ ಕಿಟಕಿ ತುಂಬ ಬರೇ ಕೆಂಪು ಮಣ್ಣು.

ಇಳದ ಮ್ಯಾಲ ಸರ್ ಬೈಲಿಲ್ಲ, ಹಾಳಿ ಕೊಟ್ಟು ಲೆಕ್ಕ ಮಾಡು ಅಂದ್ರು. 240 ನಾಟ್, ವಿಮಾನದ ಮೂಗು 5 ಡಿಗ್ರಿ ಕೆಳಗ, ಎತ್ತರ 100 ಮೀಟರ್. ನೆಲಕ್ಕ ಬಡಿಯಾಕ ಎಷ್ಟೊತ್ತು ಅಂದ್ರ, ಉತ್ತರ ಸುಮಾರು 9 ಸೆಕೆಂಡ್. ಮ್ಯಾಪ್ ಎಷ್ಟೊತ್ತು ನೋಡಿದ್ದಿ ಅಂದ್ರು, ಒಂದೆರಡು ಸೆಕೆಂಡ್ ಇರ್ಬೇಕ್ರಿ ಅಂದೆ, ಅವರು ಎಣಿಸಿದ್ದು 4. ಅವತ್ತಿಂದ ಕೆಲಸ ಬಿಡೂತನಕ, ಮ್ಯಾಪಿಗೆ ಕಣ್ಣು ಹಾಕೂ ಮೊದ್ಲ ಮೂಗು ಒಂಚೂರು ಮ್ಯಾಲ ಎತ್ತೂದು ಬಿಡ್ಲೇ ಇಲ್ಲ.

ಕರೆಂಟ್ ವೈರ್ ಹುಡುಕಬ್ಯಾಡ, ಕಂಬ ಹುಡುಕು ಅಂತಿದ್ರು ಅವರು, ವೈರ್ ಕಾಣೂವಷ್ಟೊತ್ತಿಗೆ ಹೊತ್ತು ಮೀರಿರ್ತೈತಿ, ದಾಟೂದಾದ್ರ ಟವರಿನ ತಲಿ ಮ್ಯಾಲೇ ದಾಟಬೇಕು. ಮೊನ್ನೆ ಅಣ್ಣನ ಮಗನ ಕಾರಿನಾಗ ಕೂಡಗಿ ಪವರ್ ಪ್ಲಾಂಟ್ ಕಡೆ ಹೋಗಿದ್ವಿ, ನಾ ಸುಮ್ಮನ ಟವರ್ ಎಣಿಸ್ಕೋತ ಕುಂತಿದ್ದೆ. ಕಾಕಾ ಏನ್ ನೋಡ್ತೀರಿ ಅಂದ. ಆ ಎರಡು ಟವರಿನ ನಡುವ ವೈರ್ ಕಾಣ್ತಾವೇನೋ ಅಂದೆ. ಗಾಡಿ ಸ್ಲೋ ಮಾಡಿ ಕಣ್ಣು ಕಿರಿದು ಮಾಡಿ ನೋಡಿದ, ಇಲ್ರಿ ಕಾಕಾ, ಒಂದೂ ಕಾಣವಲ್ದು ಅಂದ.